ಬೆರ್ನಾನೋಸನ ಕಾದಂಬರಿಗಳಲ್ಲಿ ಧರ್ಮಕೇಂದ್ರದ ಅನ್ಯೋನ್ಯತೆ

ಒಂದು ಇಗರ್ಜಿ, ಅದಕ್ಕೆ ನಿಯುಕ್ತನಾದ ಒಬ್ಬ ಪಾದ್ರಿ, ಆ ಇಗರ್ಜಿಯ ಎಲ್ಲೆಯೊಳಗೆ ವಾಸಮಾಡುವ ಒಕ್ಕಲು, ಈ ಮೂರೂ ಸೇರಿ ಆಗುವ ಕ್ಯಾಥೊಲಿಕ ಘಟಕಕ್ಕೆ ಕನ್ನಡದಲ್ಲಿ ‘ಧರ್ಮಕೇಂದ್ರ’ವೆಂಬ ಹೆಸರು ರೂಢಿಯಲ್ಲಿದೆ. ಯೂರೋಪಿನ ಭಾಷೆಗಳಲ್ಲಿ ಇದಕ್ಕಿರುವ ಹೆಸರುಗಳ ಇತಿಹಾಸವು ಗಮನಾರ್ಹವಾದುದು. ಇಂಗ್ಲಿಷಿನ ‘ಪ್ಯಾರಿಷ್’, ಫ್ರೆಂಚಿನ ‘ಪಾರ್ವಾಸ್’ ಎಂಬ ಮಾತುಗಳು ಗ್ರೀಕಿನ ‘ಪರೋಯ್ಕಿಯ’ ಎಂಬುದರಿಂದ ಇಳಿದು ಬಂದವು. ‘ಓಯ್ಕೊಸ್’ ಎಂದರೆ ಮನೆ. ‘ಪರ’ ಎಂದರೆ ಬಳಿ, ಮಗ್ಗುಲು. ತನ್ನದಲ್ಲದ ಊರಿನಲ್ಲಿ, ಪೌರರ ಹಕ್ಕುಗಳಿಲ್ಲದೆ, ಪರರ ಮನೆಗಳ ಮಗ್ಗುಲಲ್ಲಿ ಬಿಡಾರ ಮಾಡಿಕೊಂಡಿರುವವನ ಸ್ಥಿತಿಯನ್ನು ಆ ಮಾತು ಸೂಚಿಸುತ್ತಿತ್ತು. ಆದಿ ಕ್ರೈಸ್ತರು ಈ ಲೋಕದಲ್ಲಿ ತಾವು ಪರದೇಶಿಗಳೆಂದು ಭಾವಿಸಿ ತಮ್ಮ ಸಂಘಕ್ಕೆ ಇದೇ ಹೆಸರನ್ನು ಇಟ್ಟುಕೊಂಡರು. ಪೋರ್ತುಗೀಸರ ಮಾತು ಬೇರೆ. ಅವರ ‘ಫ್ರೆಗೆಸಿಯ’ ಎಂಬುದರ ಮೂಲವು ‘ಧರ್ಮಸಭೆಯ ಮಗ’ ಎಂಬ ಅರ್ಥದ ಲ್ಯಾಟಿನ್ ಪದಪುಂಜ. ಕನ್ನಡ ಕರಾವಳಿಯ ಕೊಂಕಣಿ ಕ್ರೈಸ್ತರು ಇಂದಿಗೂ ಬಳಸುವ ‘ಫಿರ್ಗಜ್’ ಎಂಬ ಮಾತು ಇದರ ತದ್ಭವವೇ ಆಗಿದೆ. ಹೀಗೆ ಒಂದೇ ವಸ್ತುವನ್ನು ಒಂದು ಹೆಸರು ಪರದೇಶಿಗಳ ಬಿಡಾರವೆನ್ನುತ್ತದೆ, ಇನ್ನೊಂದು ಒಬ್ಬ ತಾಯಿಯ ಮಕ್ಕಳ ಮನೆಯೆನ್ನುತ್ತದೆ. ಬಿಡಾರದವರು ಮನೆಯ ಮಕ್ಕಳಾಗುವುದು ಹೇಗೆ ಎಂಬ ಪ್ರಶ್ನೆ ಈ ಎರಡು ಹೆಸರುಗಳ ನಡುವೆ ಅಡಗಿದೆ. ಗ್ರೀಕಿನಲ್ಲಿ ‘ಕೊಯ್ನೊನಿಯ’ ಎಂದು ಕರೆಯಲ್ಪಟ್ಟು, ಕನ್ನಡ ಬೈಬಲಿನಲ್ಲಿ ‘ಅನ್ಯೋನ್ಯತೆ’ ಎಂದು ಅನುವಾದವಾಗಿರುವ ಗುಣವೇ ಆ ಪ್ರಶ್ನೆಗೆ ಕ್ರೈಸ್ತ ಸಂಪ್ರದಾಯವು ಕೊಟ್ಟ ಉತ್ತರ.

ಶಾಸನಗ್ರಂಥಗಳು ಈ ಗುಣವನ್ನು ಬಹುಕಾಲ ಸ್ಪಷ್ಟವಾಗಿ ಹೇಳಲಿಲ್ಲ. 1563ರಲ್ಲಿ ಟ್ರೆಂಟಿನ ಮಹಾಸಭೆಯು ಜನರನ್ನು ನಿಶ್ಚಿತವಾದ ಧರ್ಮಕೇಂದ್ರಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ತನ್ನದೇ ಆದ ಪಾದ್ರಿಯನ್ನು ನೇಮಿಸಬೇಕೆಂದು ವಿಧಿಸಿತು. 1917ರ ಧರ್ಮಸಂಹಿತೆಯು ಧರ್ಮಕೇಂದ್ರವನ್ನು ಧರ್ಮಪ್ರಾಂತ್ಯದ ಒಂದು ಭೂಭಾಗವೆಂದೇ ನಿರೂಪಿಸಿತು. ಎಲ್ಲೆ, ಇಗರ್ಜಿ, ಜನ, ಗುರು, ಇಷ್ಟಿದ್ದರೆ ಸಾಕು. 1983ರ ಸಂಹಿತೆಯಲ್ಲಾದರೋ ಲಕ್ಷಣವು ಬದಲಾಗಿ, ಧರ್ಮಕೇಂದ್ರವೆಂದರೆ ಮೊದಲು ವಿಶ್ವಾಸಿಗಳ ಒಂದು ಸಮುದಾಯ ಎಂದಾಯಿತು. ಕ್ಷೇತ್ರವಾಚಕವಾಗಿದ್ದ ಪದವು ಸಮುದಾಯವಾಚಕವಾಯಿತು. ಈ ಎರಡು ಲಕ್ಷಣಗಳ ನಡುವಣ ಕಾಲದಲ್ಲಿ, ಮೊದಲನೆಯದರ ಎಲ್ಲ ಅಂಗಗಳೂ ಸಮಗ್ರವಾಗಿದ್ದು ಎರಡನೆಯದರ ಪ್ರಾಣವು ಮಾತ್ರ ಇಲ್ಲದಿದ್ದರೆ ಆ ಊರು ಹೇಗಿರುತ್ತದೆ ಎಂಬುದನ್ನು ಫ್ರೆಂಚ್ ಕಾದಂಬರಿಕಾರನೊಬ್ಬನು ನಿರೂಪಿಸಿದನು.

ಜಾರ್ಜ್ ಬೆರ್ನಾನೋಸನು 1888ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ 1948ರಲ್ಲಿ ತೀರಿಕೊಂಡನು. ಬಾಲ್ಯದ ರಜೆಗಳನ್ನು ಅವನು ಕಳೆದದ್ದು ಉತ್ತರ ಫ್ರಾನ್ಸಿನ ಆರ್ತ್ವಾ ಸೀಮೆಯ ಫ್ರೆಸಾಂ ಎಂಬ ಹಳ್ಳಿಯಲ್ಲಿ. ಅಲ್ಲಿಯ ಮಳೆ, ಕೆಸರು, ತಗ್ಗಿನ ದಾರಿಗಳು ಅವನ ಕೃತಿಗಳಲ್ಲೆಲ್ಲ ಮರಳಿ ಮರಳಿ ಬರುತ್ತವೆ. ‘ಹಳ್ಳಿಯ ಪಾದ್ರಿಯೊಬ್ಬನ ದಿನಚರಿ’ಯನ್ನು ಅವನು ಸ್ಪೇನಿನ ಮಯೋರ್ಕ ದ್ವೀಪದಲ್ಲಿ ನೆಲಸಿದ್ದಾಗ ಬರೆದನು. 1936ರಲ್ಲಿ ಅದು ಪ್ರಕಟವಾಗಿ ಅದೇ ವರ್ಷ ಫ್ರೆಂಚ್ ಅಕಾಡೆಮಿಯ ಕಾದಂಬರಿ ಬಹುಮಾನವನ್ನು ಪಡೆಯಿತು. 1951ರಲ್ಲಿ ರೊಬೇರ್ ಬ್ರೆಸೋಂ ತೆಗೆದ ಚಲಚ್ಚಿತ್ರದಿಂದ ಅದರ ಕೀರ್ತಿಯು ಇಮ್ಮಡಿಯಾಯಿತು. ವಿಮರ್ಶಕರಲ್ಲಿ ಹೆಚ್ಚಿನವರು ಇದನ್ನು ಏಕಾಂಗಿಯಾದ ಒಬ್ಬ ಸಂತನ ಕಥೆಯೆಂದು ಓದಿದ್ದಾರೆ. ಅದು ಸುಳ್ಳಲ್ಲ. ಆದರೆ ಕಥಾನಾಯಕನು ಬರೆಯಲು ಕುಳಿತ ಮೊದಲ ದಿನವೇ ಮಾತೆತ್ತುವುದು ತನ್ನ ಆತ್ಮವನ್ನು ಕುರಿತಲ್ಲ, ತನ್ನ ಧರ್ಮಕೇಂದ್ರವನ್ನು ಕುರಿತು. ಗ್ರಂಥದ ವಸ್ತುವನ್ನು ಅಲ್ಲಿಂದಲೇ ಹಿಡಿಯುವುದು ನ್ಯಾಯ.

ಆಂಬ್ರಿಕೂರಿನ ಈ ಹೆಸರಿಲ್ಲದ ತರುಣ ಪಾದ್ರಿ ತನ್ನ ಊರಿಗೆ ಹಿಡಿದ ರೋಗವನ್ನು ಪಾಪವೆಂದಾಗಲಿ ನಾಸ್ತಿಕ್ಯವೆಂದಾಗಲಿ ಕರೆಯುವುದಿಲ್ಲ, ಬೇಸರವೆಂದು ಕರೆಯುತ್ತಾನೆ. ಅದು ಕಣ್ಣಿಗೆ ಕಾಣದ ನಯವಾದ ಧೂಳು. ಜನ ಅದನ್ನು ಉಸಿರಾಡುತ್ತಾರೆ, ತಿನ್ನುತ್ತಾರೆ. ಒಂದು ಗಳಿಗೆ ಸುಮ್ಮನೆ ನಿಂತರೆ ಅದು ಮುಖದ ಮೇಲೆ, ಕೈಗಳ ಮೇಲೆ ಕುಳಿತುಬಿಡುತ್ತದೆ. ಆದುದರಿಂದ ಅವರು ನಿಲ್ಲದೆ ಓಡಾಡುತ್ತಿರುತ್ತಾರೆ. ನವಂಬರಿನ ಮಳೆಯಲ್ಲಿ ಗುಡ್ಡದ ಮೇಲಿನಿಂದ ನೋಡಿದಾಗ ಊರು ಅವನಿಗೆ, ದಿನವೆಲ್ಲ ದಣಿದು, ಕೊಟ್ಟಿಗೆಗೆ ಕರೆದೊಯ್ಯುವ ಗೋವಳ ಹುಡುಗನನ್ನು ಕಾದು ನಿಂತ ದನದಂತೆ ತೋರುತ್ತದೆ. ಈ ಚಿತ್ರದಲ್ಲಿ ತಿರಸ್ಕಾರವಿಲ್ಲ, ಕರುಣೆಯಿದೆ. ಆದರೆ ಆ ಹುಡುಗನು ತಾನೇ ಎಂಬ ಭರವಸೆ ಮಾತ್ರ ಪಾದ್ರಿಗೆ ಇಲ್ಲ.

ಊರಿನ ಆಚಾರಗಳೆಲ್ಲ ಕ್ರಮವಾಗಿಯೇ ನಡೆಯುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮಕ್ಕಳಿಗೆ ಜ್ಞಾನಸ್ನಾನವಾಗುತ್ತದೆ, ಧರ್ಮೋಪದೇಶದ ತರಗತಿಗೆ ಹುಡುಗಿಯರು ಬರುತ್ತಾರೆ, ಸತ್ತವರಿಗೆ ಸಂಸ್ಕಾರವಾಗುತ್ತದೆ, ಅದರ ವೆಚ್ಚಕ್ಕಾಗಿ ಚೌಕಾಸಿಯೂ ಆಗುತ್ತದೆ. ಜಹಗೀರಿನ ಕೌಂಟನು ತೋರಿಕೆಯ ಗೌರವವನ್ನು ತೋರಿಸುತ್ತಾನೆ. ಮೇಲಿನ ಡೀನನು ಬಂದು, ಅಂಗಡಿಕಾರರ ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸದ ಗುರುವಿಗೆ ಊರಿನಲ್ಲಿ ಮರ್ಯಾದೆ ಉಳಿಯದೆಂದು ಲೌಕಿಕ ಬುದ್ಧಿಯನ್ನು ಹೇಳುತ್ತಾನೆ. ಎಲ್ಲೆ, ಇಗರ್ಜಿ, ಜನ, ಗುರು, 1917ರ ಲಕ್ಷಣದಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಒಬ್ಬನ ದುಃಖ ಇನ್ನೊಬ್ಬನಿಗೆ ತಟ್ಟುವುದಿಲ್ಲ. ಪಾದ್ರಿಯ ಹೊಟ್ಟೆಯ ರೋಗ ಇದಕ್ಕೆ ಒಳ್ಳೆಯ ನಿದರ್ಶನ. ಬೇರಾವ ಆಹಾರವೂ ಸೇರದೆ ಅವನು ಅಗ್ಗದ ದ್ರಾಕ್ಷಾರಸದಲ್ಲಿ ರೊಟ್ಟಿಯನ್ನು ನೆನೆಸಿ ತಿಂದು ಬದುಕುತ್ತಿದ್ದಾನೆ. ಊರವರು ಅವನನ್ನು ಕುಡುಕನೆಂದು ನಿರ್ಣಯಿಸುತ್ತಾರೆ. ಅವನ ಸೀಸೆಯಲ್ಲಿರುವುದೇನೆಂಬುದು ಊರಿಗೆಲ್ಲ ಗೊತ್ತು. ಅವನ ತಟ್ಟೆಯಲ್ಲಿರುವುದೇನೆಂದು ನೋಡಲು ಒಬ್ಬರೂ ಬಾಗಿಲು ತಟ್ಟುವುದಿಲ್ಲ. ನೆರೆಹೊರೆ ಎಂಬುದಕ್ಕೂ ಅನ್ಯೋನ್ಯತೆ ಎಂಬುದಕ್ಕೂ ಇರುವ ಅಂತರವನ್ನು ಬೆರ್ನಾನೋಸನು ತೋರಿಸಿದಷ್ಟು ನಿಷ್ಠುರವಾಗಿ ತೋರಿಸಿದವರು ವಿರಳ.

ಪಾದ್ರಿಯು ಕೈಕಟ್ಟಿ ಕುಳಿತವನಲ್ಲ. ತರುಣರಿಗಾಗಿ ಒಂದು ಕೂಟ, ಆಟದ ಬಯಲು, ರೈತರಿಗೆ ನೆರವಾಗುವ ಒಂದು ನಿಧಿ ಮೊದಲಾದ ಯೋಜನೆಗಳು ಅವನ ತಲೆಯಲ್ಲಿವೆ. ಅವು ಯಾವುವೂ ಫಲಿಸುವುದಿಲ್ಲ. ಇದು ಕೇವಲ ಕಾದಂಬರಿಕಾರನ ಕಲ್ಪನೆಯಲ್ಲವೆಂಬುದಕ್ಕೆ ಸಮಕಾಲೀನ ಸಾಕ್ಷ್ಯವಿದೆ. 1931ರಲ್ಲಿ ಗಾಬ್ರಿಯೆಲ್ ಲ ಬ್ರಾ ಎಂಬ ವಿದ್ವಾಂಸನು ಫ್ರಾನ್ಸಿನ ಊರೂರುಗಳ ಧರ್ಮಾಚರಣೆಯನ್ನು ಎಣಿಸಿ ಅಳೆಯುವ ಶೋಧನೆಗೆ ಕರೆಕೊಟ್ಟನು. 1943ರಲ್ಲಿ ಗೋದಾಂ ಮತ್ತು ದಾನಿಯೆಲ್ ಎಂಬ ಇಬ್ಬರು ಪಾದ್ರಿಗಳು, ಫ್ರಾನ್ಸನ್ನು ಇನ್ನು ಸುವಾರ್ತಾ ಪ್ರಚಾರ ನಡೆಯಬೇಕಾದ ದೇಶಗಳಲ್ಲೊಂದಾಗಿ ಎಣಿಸಬೇಕೇ ಎಂದು ತಮ್ಮ ಗ್ರಂಥದ ಹೆಸರಿನಲ್ಲಿಯೇ ಕೇಳಿದರು. ಸಮಾಜಶಾಸ್ತ್ರಜ್ಞನು ಬಂದವರನ್ನು ಎಣಿಸಿದನು. ಕಾದಂಬರಿಕಾರನು ಬಂದವರ ನಡುವೆ ಏನಿಲ್ಲವೆಂಬುದನ್ನು ನೋಡಿದನು.

ಇಲ್ಲಿ ಕಾವ್ಯಮೀಮಾಂಸೆಯ ಒಂದು ಸಮಸ್ಯೆ ಎದುರಾಗುತ್ತದೆ. ಇಲ್ಲದ ವಸ್ತುವನ್ನು ಕೃತಿಯು ಹೇಗೆ ಪ್ರತೀತಿಗೆ ತರಬೇಕು? ಭಾಟ್ಟ ಮೀಮಾಂಸಕರು ಅಭಾವದ ಜ್ಞಾನಕ್ಕೆ ‘ಅನುಪಲಬ್ಧಿ’ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ನೈಯಾಯಿಕರು ಪ್ರಮಾಣಾಂತರವನ್ನು ಒಪ್ಪದಿದ್ದರೂ ಪ್ರತಿಯೋಗಿಯ ಜ್ಞಾನವಿಲ್ಲದೆ ಅಭಾವದ ಜ್ಞಾನವಿಲ್ಲವೆಂದು ಸಾಧಿಸಿದರು. ಗಡಿಗೆಯನ್ನು ಅರಿಯದವನಿಗೆ ನೆಲದ ಮೇಲೆ ಗಡಿಗೆಯಿಲ್ಲವೆಂಬ ಅರಿವು ಉಂಟಾಗಲಾರದು. ಅಲ್ಲದೆ, ಇದ್ದಿದ್ದರೆ ಅವಶ್ಯವಾಗಿ ಕಾಣಬಹುದಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುತ್ತದೆ. ಈ ವಿಚಾರವನ್ನು ಪ್ರಕೃತಕ್ಕೆ ಅನ್ವಯಿಸಬಹುದು. ಅನ್ಯೋನ್ಯತೆಯೆಂದರೇನೆಂಬುದನ್ನು ವಾಚಕನಿಗೆ ಎಲ್ಲಿಯೂ ತೋರಿಸದೆ ಬರಿಯ ಬೇಸರವನ್ನೇ ವರ್ಣಿಸಿದ್ದರೆ ಕೃತಿಯು ಒಬ್ಬ ರೋಗಿಯ ಗೊಣಗಾಟವಾಗುತ್ತಿತ್ತು. ಬೆರ್ನಾನೋಸನು ಪ್ರತಿಯೋಗಿಯನ್ನು ಒದಗಿಸಿದ್ದಾನೆಯೇ, ಎಲ್ಲಿ ಒದಗಿಸಿದ್ದಾನೆ ಎಂಬುದನ್ನು ಪರೀಕ್ಷಿಸಿದರೆ ಕೃತಿಯ ಯೋಗ್ಯತೆಯು ತಾನೇ ತಿಳಿಯುತ್ತದೆ.

ಮೊದಲನೆಯದು ತೊರ್ಸಿಯ ಪಾದ್ರಿಯ ಮಾತುಗಳು. ಈತ ಫ್ಲೆಮಿಷ್ ಮೂಲದ ದೃಢಕಾಯ, ವಯಸ್ಸಾದವನು, ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ಅಂತಃಕರಣಿ. ತರುಣನಿಗೆ ಗುರುವಿನ ಸ್ಥಾನದಲ್ಲಿರುವವನು. ಈತ ಹೇಳುವ ಒಂದು ಉಪಾಖ್ಯಾನವಿದೆ. ಅವನ ಇಗರ್ಜಿಯ ಚೊಕ್ಕಟದ ಕೆಲಸಕ್ಕೆ ಬ್ರೂಜ್ ಪಟ್ಟಣದ ಒಬ್ಬ ಮಾಜಿ ಕನ್ಯಾಸ್ತ್ರೀ ಬಂದಿದ್ದಳು. ಆಕೆ ಕಂಬಗಳನ್ನು ಉಜ್ಜಿದಳು, ನೆಲವನ್ನು ತಿಕ್ಕಿದಳು, ಹಾವಸೆಯನ್ನು ಕೆರೆದಳು. ಪ್ರತಿ ಭಾನುವಾರ ಒಕ್ಕಲು ಕೆಸರುಗಾಲಿನಲ್ಲಿ ಬಂದು ಎಲ್ಲವನ್ನೂ ಮತ್ತೆ ಹೊಲಸು ಮಾಡಿತು. ಕಡೆಗೆ ಆಕೆ ಅದೇ ಹಟದಲ್ಲಿ ದಣಿದು ಸತ್ತಳು. ಆಕೆಯ ತಪ್ಪು ಕೊಳೆಯೊಂದಿಗೆ ಹೋರಾಡಿದ್ದಲ್ಲ, ಕೊಳೆಯನ್ನು ನಿರ್ಮೂಲ ಮಾಡಬಯಸಿದ್ದು ಎಂದು ತೊರ್ಸಿಯವನ ಅಭಿಪ್ರಾಯ. ಜನವಿರುವ ಕಡೆ ಕೊಳೆ ಇದ್ದೇ ಇರುತ್ತದೆ. ಒಳ್ಳೆಯ ಗೃಹಿಣಿಯು ಇಂದು ಗುಡಿಸಿದುದನ್ನು ನಾಳೆಯೂ ಗುಡಿಸುವುದಕ್ಕೆ ಸಿದ್ಧಳಾಗಿರುತ್ತಾಳೆ.

ಈ ಉಪಾಖ್ಯಾನವು ಹಾಸ್ಯಕ್ಕಾಗಿ ಬಂದುದಲ್ಲ. ಶುದ್ಧವಾದ ಇಗರ್ಜಿ ಬೇಕೆಂದವಳಿಗೆ ಒಕ್ಕಲೇ ಅಡ್ಡಿಯಾಗಿ ಕಂಡಿತು. ಜನವಿಲ್ಲದ ಇಗರ್ಜಿ ಎಷ್ಟು ಚೊಕ್ಕಟ! ಒಪ್ಪವಾದ ಮನಸ್ಸಿನವರು, ಸಮಾನ ಶೀಲರು, ಸುಸಂಸ್ಕೃತರು ತಮ್ಮ ತಮ್ಮವರನ್ನು ಆರಿಸಿಕೊಂಡು ಕಟ್ಟುವ ಕೂಟಕ್ಕೂ ಧರ್ಮಕೇಂದ್ರಕ್ಕೂ ಇರುವ ಭೇದವು ಇದರಿಂದ ವ್ಯಕ್ತವಾಗುತ್ತದೆ. ಸದಸ್ಯರನ್ನು ಆರಿಸಿಕೊಳ್ಳುವ ಅಧಿಕಾರ ಧರ್ಮಕೇಂದ್ರಕ್ಕೆ ಇಲ್ಲ. ಎಲ್ಲೆಯೊಳಗೆ ಯಾರಿದ್ದಾರೋ ಅವರೇ ಅದರವರು. ಸಾಹುಕಾರ, ಸಾಲಗಾರ, ಚಾಡಿಕೋರ, ಮೂಢ, ಎಲ್ಲರೂ. 1917ರ ಸಂಹಿತೆಯ ಒಣ ಭೂಲಕ್ಷಣದಲ್ಲಿ ಅಡಗಿದ್ದ ಔದಾರ್ಯವನ್ನು ತೊರ್ಸಿಯ ಮುದುಕನು ಹೀಗೆ ಹೊರಗೆಡಹುತ್ತಾನೆ. ಅವನ ಇನ್ನೊಂದು ಮಾತು ಇನ್ನೂ ದೂರ ಹೋಗುತ್ತದೆ. ಮನುಷ್ಯನಿಗೆ ತಾನು ದೇವರ ಮಗುವೆಂಬ ಭಾವನೆ ಉಳಿದಿದ್ದರೆ ಅವನು ಬಡವನಾಗಿದ್ದರೂ ಒಂಟಿಯಾಗಿರುತ್ತಿರಲಿಲ್ಲ. ಧರ್ಮಸಭೆಯು ಕೊಡಬೇಕಾಗಿದ್ದ ಸಂತೋಷ ಅದೇ. ಅದನ್ನು ಜನರಿಂದ ಕಿತ್ತುಕೊಂಡವರು ಏನನ್ನು ಕೊಟ್ಟರೂ ಅದಕ್ಕೆ ಸಾಟಿಯಾಗದು ಎಂದು ಅವನು ವಾದಿಸುತ್ತಾನೆ. ‘ಫಿರ್ಗಜ್’ ಎಂಬ ಮಾತಿನ ಬೇರಿನಲ್ಲಿರುವ ಅರ್ಥವು ಇಲ್ಲಿ ಆ ಮಾತನ್ನು ಎಂದೂ ಕೇಳಿರದವನ ಬಾಯಿಂದ ಹೊರಟಿದೆ.

ಮಾತು ಮಾತಾಗಿಯೇ ಉಳಿದರೆ ಅದು ಉಪದೇಶ. ಕಾದಂಬರಿಯ ಹೃದಯವಿರುವುದು ಪಾದ್ರಿಗೂ ಕೌಂಟನ ಹೆಂಡತಿಗೂ ನಡೆಯುವ ಸಂವಾದದಲ್ಲಿ. ಆಕೆಯ ಪುಟ್ಟ ಮಗನು ಎಷ್ಟೋ ವರ್ಷಗಳ ಹಿಂದೆ ಸತ್ತಿದ್ದಾನೆ. ಗಂಡನ ನಡತೆ ಕೆಟ್ಟದ್ದು. ಮಗಳು ದ್ವೇಷದಲ್ಲಿ ಬೇಯುತ್ತಿದ್ದಾಳೆ. ತಾಯಿಯಾದರೋ ಸತ್ತ ಮಗುವಿನ ನೆನಪನ್ನೇ ಕೋಟೆಯಾಗಿ ಮಾಡಿಕೊಂಡು ದೇವರೊಂದಿಗೂ ಮನೆಯವರೊಂದಿಗೂ ಮೌನಯುದ್ಧವನ್ನು ನಡಸಿದ್ದಾಳೆ. ಹೊರಗೆ ನೋಡಿದರೆ ನಿಷ್ಠಾವಂತ ಕ್ರೈಸ್ತಳು; ಅವಳ ಆಚಾರದಲ್ಲಿ ಲೋಪವಿಲ್ಲ. ಪ್ರೀತಿಸುವ ಶಕ್ತಿಯು ಇಲ್ಲವಾಗುವುದೇ ನರಕವೆಂದು ಪಾದ್ರಿ ಅವಳಿಗೆ ಹೇಳುತ್ತಾನೆ. ಪಾಪಪುಣ್ಯಗಳ ಲೆಕ್ಕದಿಂದ ಹೊರಟ ಮಾತು ಇದಲ್ಲ. ಸಂಬಂಧದ ಕಡಿತವೇ ಶಿಕ್ಷೆ, ಬೇರೆ ಶಿಕ್ಷೆಯಿಲ್ಲ ಎಂಬುದು ಅದರ ತಾತ್ಪರ್ಯ. ಆಕೆ ಮಗುವಿನ ಕೂದಲನ್ನಿಟ್ಟಿದ್ದ ಪದಕವನ್ನು ಬೆಂಕಿಗೆ ಎಸೆಯುತ್ತಾಳೆ. ಪಾದ್ರಿಯು ಕೈಯಿಟ್ಟು ಅದನ್ನು ತೆಗೆಯುತ್ತಾನೆ. ಆಕೆಗೆ ಶಾಂತಿ ದೊರೆಯುತ್ತದೆ. ಆ ರಾತ್ರಿಯೇ ಆಕೆ ಸಾಯುತ್ತಾಳೆ.

ಇದರ ತರುವಾಯ ಪಾದ್ರಿಗೆ ಉಂಟಾಗುವ ವಿಸ್ಮಯವೇ ಇಲ್ಲಿ ಮುಖ್ಯವಾದುದು. ತನ್ನಲ್ಲಿ ಇಲ್ಲದ ಶಾಂತಿಯನ್ನು ತಾನು ಇನ್ನೊಬ್ಬರಿಗೆ ಕೊಟ್ಟೆನಲ್ಲ ಎಂದು ಅವನು ಬೆರಗಾಗುತ್ತಾನೆ. ಬರಿಗೈಯಿಂದ ಕೊಡುವುದು ಸಾಧ್ಯವಾದರೆ ಕೊಟ್ಟದ್ದು ಯಾರದು? ಕ್ಯಾಥೊಲಿಕ ವಿಶ್ವಾಸಪ್ರಮಾಣದಲ್ಲಿ ‘ಸಂತರ ಅನ್ಯೋನ್ಯತೆ’ ಎಂಬ ಒಂದು ಅಂಶವಿದೆ. ಒಬ್ಬನ ಪುಣ್ಯ, ಒಬ್ಬನ ನೋವು ಅವನೊಬ್ಬನದೇ ಆಗಿ ಉಳಿಯದೆ ಎಲ್ಲರಿಗೂ ಸಲ್ಲುತ್ತದೆ ಎಂಬುದು ಅದರ ಭಾವ. ಕರ್ಮವು ಕರ್ತೃವನ್ನೇ ಹಿಂಬಾಲಿಸುತ್ತದೆಂಬ ವಾದದಲ್ಲಿ ಬೆಳೆದ ವಾಚಕನಿಗೆ ಇದು ಹೊಸದಾಗಿ ತೋರುವುದು ಸಹಜ. ಬೆರ್ನಾನೋಸನು ತನ್ನ ಕೊನೆಯ ಕೃತಿಯಾದ ‘ಕಾರ್ಮೆಲ್ ಕನ್ಯಾಸ್ತ್ರೀಯರ ಸಂವಾದಗಳು’ ಎಂಬುದರಲ್ಲಿ ಈ ಭಾವವನ್ನು ತುದಿಯವರೆಗೆ ಕೊಂಡೊಯ್ದನು. 1794ರ ಜುಲೈ 17ರಂದು ಪ್ಯಾರಿಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದ ಕೊಂಪ್ಯೆನ್ ಮಠದ 16 ಮಂದಿಯ ಕಥೆ ಅದು. ಅವನು ಸತ್ತ ಮರುವರ್ಷ, 1949ರಲ್ಲಿ, ಪ್ರಕಟವಾಯಿತು. ಅಲ್ಲಿ ಧೀರಳಾದ ಮಠಾಧಿಕಾರಿಣಿಯು ಹೇಡಿಯಂತೆ ಒದ್ದಾಡಿ ಸಾಯುತ್ತಾಳೆ. ಹೇಡಿಯಾದ ಕಿರಿಯಳು ಕಡೆಗೆ ನಿರ್ಭಯವಾಗಿ ವಧಸ್ಥಾನವನ್ನೇರುತ್ತಾಳೆ. ಒಬ್ಬರ ಸಾವನ್ನು ಇನ್ನೊಬ್ಬರು ಸಾಯಬಹುದೆಂದು ಒಬ್ಬ ಎಳೆಯ ಕನ್ಯಾಸ್ತ್ರೀಗೆ ಮೊದಲೇ ಹೊಳೆದಿರುತ್ತದೆ. ಆಂಬ್ರಿಕೂರಿನ ಪಾದ್ರಿಯ ಬರಿಗೈ ಈ ತತ್ತ್ವದ ಮೊದಲ ಉದಾಹರಣೆ.

ಆದರೆ ಊರಿಗೆ ಇದರಿಂದ ದೊರೆತದ್ದೇನು? ಏನೂ ಇಲ್ಲ. ಕೌಂಟೆಸಳ ಮಗಳು ಕಿಟಕಿಯ ಹೊರಗಿನಿಂದ ಅರೆಬರೆ ಕೇಳಿದ ಮಾತು ಗಾಳಿಸುದ್ದಿಯಾಗಿ ಹಬ್ಬಿ, ಪಾದ್ರಿಯೇ ಆಕೆಯ ಸಾವಿಗೆ ಕಾರಣನೆಂಬಂತಾಗುತ್ತದೆ. ತನ್ನನ್ನು ಸಮರ್ಥಿಸಿಕೊಳ್ಳಲು ಸಾಕಾದ ಆಕೆಯ ಪತ್ರವು ಅವನಲ್ಲಿಯೇ ಇದೆ. ಅದನ್ನು ಅವನು ಪ್ರದರ್ಶಿಸುವುದಿಲ್ಲ. ಅನ್ಯೋನ್ಯತೆಯು ಇಬ್ಬರ ನಡುವೆ ಹುಟ್ಟಿ ಇಬ್ಬರಲ್ಲಿಯೇ ಹೂತುಹೋಗುತ್ತದೆ.

ಇನ್ನು ಸಣ್ಣ ಪ್ರಸಂಗಗಳು. ಧರ್ಮೋಪದೇಶದ ತರಗತಿಯಲ್ಲಿ ಜೊತೆಯ ಹುಡುಗಿಯರೊಂದಿಗೆ ಕೂಡಿ ಪಾದ್ರಿಯನ್ನು ಅಣಕಿಸಿದ್ದ ಸೆರಫಿತ ಎಂಬ ಬಾಲಕಿಯೇ ಒಂದು ರಾತ್ರಿ ಅವನು ದಾರಿಯ ಕೆಸರಿನಲ್ಲಿ ರಕ್ತ ಕಾರಿ ಬಿದ್ದಿರುವಾಗ ಕಂಡು, ಮುಖವನ್ನು ತೊಳೆದು, ಕೈಹಿಡಿದು ನಡಸಿಕೊಂಡು ಬರುತ್ತಾಳೆ. ಗೋವಳ ಹುಡುಗನ ಉಪಮೆ ಇಲ್ಲಿ ತಿರುವುಮುರುವಾಗುತ್ತದೆ. ಊರನ್ನು ಕೊಟ್ಟಿಗೆಗೆ ನಡಸಬೇಕಾಗಿದ್ದವನನ್ನು ಊರಿನ ಮಗು ನಡಸುತ್ತದೆ. ಕೌಂಟೆಸಳ ಸೋದರಳಿಯ, ಸೈನಿಕನಾದ ಒಲಿವಿಯೆ, ಅವನನ್ನು ತನ್ನ ಮೋಟಾರ್ ಸೈಕಲಿನ ಮೇಲೆ ಕೂರಿಸಿಕೊಂಡು ಹೋಗುತ್ತಾನೆ. ಆ ವೇಗದಲ್ಲಿ ಪಾದ್ರಿಗೆ ಜೀವನದಲ್ಲಿ ಮೊದಲ ಬಾರಿಗೆ ತಾನೂ ತರುಣನೆಂಬ, ತನಗೂ ಗೆಳೆಯನಿರಬಹುದೆಂಬ ಅರಿವು ಮೂಡುತ್ತದೆ. ಈ ಪ್ರಸಂಗವು ಎಷ್ಟು ಹಗುರವಾಗಿದೆಯೋ ಅಷ್ಟೇ ಆರ್ದ್ರವಾಗಿದೆ.

ಇವೆಲ್ಲಕ್ಕೂ ಮಿಗಿಲಾದುದು ಕೊನೆಯ ಭಾಗದಲ್ಲಿ, ಲೀಲ್ ಪಟ್ಟಣದಲ್ಲಿ ಬರುತ್ತದೆ. ತನ್ನ ರೋಗವು ಹೊಟ್ಟೆಯ ಏಡಿಹುಣ್ಣೆಂದು ವೈದ್ಯನಿಂದ ತಿಳಿದ ಪಾದ್ರಿಯು ಸೆಮಿನರಿಯಲ್ಲಿ ಜೊತೆಗಿದ್ದ ದ್ಯುಫ್ರೆತಿ ಎಂಬುವನ ಮನೆಗೆ ಹೋಗುತ್ತಾನೆ. ಈ ದ್ಯುಫ್ರೆತಿ ಪಾದ್ರಿತನವನ್ನು ಬಿಟ್ಟು ಒಬ್ಬ ಬಡ ಹೆಂಗಸಿನೊಂದಿಗೆ ಇರುವವನು, ಸ್ವತಃ ರೋಗಿ, ಮಾತಿನಲ್ಲಿ ಡಾಂಭಿಕ. ಆ ಹೆಂಗಸು ಪರರ ಮನೆಗೆಲಸ ಮಾಡಿ ಅವನನ್ನು ಸಾಕುತ್ತಿದ್ದಾಳೆ. ಅವನು ಎಂದಾದರೂ ತನ್ನ ದೀಕ್ಷೆಗೆ ಹಿಂದಿರುಗಬಹುದೆಂದು ಅವನನ್ನು ಮದುವೆಯಾಗದೆಯೇ ಉಳಿದಿದ್ದಾಳೆ. ದಣಿದು ಕುಳಿತಾಗ, ತಾನು ಎಂದೂ ಕಾಣದ, ತನ್ನಂತೆಯೇ ಇರುವ ಜನರನ್ನು ನೆನೆಯುತ್ತೇನೆಂದು ಅವಳು ಹೇಳುತ್ತಾಳೆ: ಮಳೆಯಲ್ಲಿ ನಿಂತ ಭಿಕ್ಷುಕರು, ದಾರಿತಪ್ಪಿದ ಮಕ್ಕಳು, ರೋಗಿಗಳು, ಹುಚ್ಚಾಸ್ಪತ್ರೆಯಲ್ಲಿ ಕೂಗುವವರು. ಅವರ ನಡುವೆ ತಾನೂ ನುಸುಳಿಕೊಂಡು ಸೇರಿಹೋದಂತೆ ಅವಳಿಗೆ ಆಗುತ್ತದೆ. ಯಾವ ಇಗರ್ಜಿಯ ಪಟ್ಟಿಯಲ್ಲಿಯೂ ಗೌರವದ ಸ್ಥಾನವಿಲ್ಲದ ಈ ಹೆಂಗಸಿನ ಬಾಯಲ್ಲಿ ಗ್ರಂಥಕರ್ತನು ಅನ್ಯೋನ್ಯತೆಯ ಅತ್ಯಂತ ಪೂರ್ಣವಾದ ವರ್ಣನೆಯನ್ನು ಇಟ್ಟಿದ್ದಾನೆ. ‘ಪರೋಯ್ಕಿಯ’ದ ಮೂಲಾರ್ಥವು, ಬಿಡಾರದವರು ಬಿಡಾರದವರನ್ನು ಗುರುತಿಸುವುದು, ಇವಳಲ್ಲಿ ಜೀವಂತವಾಗಿದೆ. ಪ್ರತಿಯೋಗಿಯು ಇದ್ದಾನೆ, ಆದರೆ ಧರ್ಮಕೇಂದ್ರದ ಎಲ್ಲೆಯ ಹೊರಗೆ ಇದ್ದಾನೆ ಎಂಬುದೇ ಕಾದಂಬರಿಯ ತೀಕ್ಷ್ಣವಾದ ಆಕ್ಷೇಪ.

ಇದೇ ವಸ್ತುವಿನ ಇನ್ನೊಂದು ಮುಖ ‘ಮೊಸಿಯೊ ವೀನ್’ ಎಂಬ ಕಾದಂಬರಿಯಲ್ಲಿದೆ. 1931ರಲ್ಲಿ ಇದನ್ನು ಆರಂಭಿಸಿದಾಗ ಬೆರ್ನಾನೋಸನು ಕೊಟ್ಟಿದ್ದ ಹೆಸರು ‘ಸತ್ತ ಧರ್ಮಕೇಂದ್ರ’. ಮುಗಿದದ್ದು 1940ರಲ್ಲಿ, ಬ್ರೆಜಿಲಿನಲ್ಲಿ. 1943ರಲ್ಲಿ ರಿಯೊ ದಿ ಜನೈರೊದಲ್ಲಿ ಅಚ್ಚಾಯಿತು. ಫನೂಯ್ ಎಂಬ ಹಳ್ಳಿಯಲ್ಲಿ ದನಕಾಯುವ ಬಾಲಕನೊಬ್ಬನ ಕೊಲೆಯಾಗುತ್ತದೆ. ಶವಸಂಸ್ಕಾರಕ್ಕೆ ಊರೆಲ್ಲ ನೆರೆದಿರುವಾಗ ಪಾದ್ರಿಯು ಎದ್ದು ನಿಂತು, ಈ ಧರ್ಮಕೇಂದ್ರವು ಸತ್ತಿದೆಯೆಂದು ಸಾರುತ್ತಾನೆ. ನೆರೆದ ಜನ ಉದ್ರಿಕ್ತರಾಗುತ್ತಾರೆ. ಊರಿನ ವಿಕ್ಷಿಪ್ತಳಾದ ಜಹಗೀರುದಾರಿಣಿಯು ಅದೇ ಗದ್ದಲದಲ್ಲಿ ಗುಂಪಿನ ಕೈಗೆ ಸಿಕ್ಕಿ ಹತಳಾಗುತ್ತಾಳೆ. ಜನರು ಒಟ್ಟಾಗುವುದೇ ಅನ್ಯೋನ್ಯತೆಯೆಂದು ನಂಬುವವರು ಈ ಪ್ರಕರಣವನ್ನು ಓದಬೇಕು. ಆಂಬ್ರಿಕೂರಿನಲ್ಲಿ ಜನ ಬಿಡಿಬಿಡಿಯಾಗಿದ್ದರು. ಫನೂಯಿನಲ್ಲಿ ಒಂದಾದರು, ಒಂದಾದದ್ದು ಕೊಲೆಗಾಗಿ. ಗುಂಪಿಗೆ ಕೈಗಳುಂಟು, ಮುಖವಿಲ್ಲ. ಹತ್ತಾರು ವರ್ಷ ಯೂರೋಪಿನ ಬೀದಿಗಳಲ್ಲಿ ಇಂತಹ ಗುಂಪುಗಳು ಕೂಗಿದ್ದನ್ನು ಕೇಳಿದ ಕಾಲದ ಕೃತಿ ಇದು. ಆದರೆ ಕಲೆಯ ದೃಷ್ಟಿಯಿಂದ ಇದು ‘ದಿನಚರಿ’ಗೆ ಸಮನಲ್ಲ. ಕತ್ತಲೆಯು ಇಲ್ಲಿ ಎಷ್ಟು ದಟ್ಟವಾಗಿದೆಯೆಂದರೆ ಅಭಾವವನ್ನು ಅಭಾವವೆಂದು ತಿಳಿಯುವುದಕ್ಕೆ ಬೇಕಾದ ದೀಪವೂ ಉಳಿದಿಲ್ಲ, ಪ್ರತಿಯೋಗಿಯು ಕಾಣೆಯಾಗಿದ್ದಾನೆ.

‘ದಿನಚರಿ’ಯಲ್ಲಿಯೂ ಒಂದು ನ್ಯೂನತೆಯುಂಟು. ಊರಿನ ಸಾಮಾನ್ಯ ಜನರಿಗೆ ಅಲ್ಲಿ ಬಾಯಿಯಿಲ್ಲ. ರೈತ, ಕೂಲಿ, ಮನೆವಾಳ್ತೆಯ ಹೆಂಗಸರು ಎಲ್ಲರೂ ಒಬ್ಬ ರೋಗಿಯ ಕಿಟಕಿಯಿಂದ ಕಂಡ ನೆರಳುಗಳು. ವಾಸ್ತವದ ಆರ್ತ್ವಾ ಸೀಮೆಯಲ್ಲಿ ‘ದ್ಯುಕಾಸ್’ ಎಂಬ ಊರಹಬ್ಬವುಂಟು. ಇಗರ್ಜಿಯ ಪ್ರತಿಷ್ಠೆಯನ್ನು ಸೂಚಿಸುವ ಪದದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ನೆಂಟರು ಬರುವುದು, ಒಟ್ಟಿಗೆ ಉಣ್ಣುವುದು, ಕುಣಿಯುವುದು, ಎಲ್ಲವೂ ಅದರಲ್ಲಿ ಸೇರಿದೆ. ಕಾದಂಬರಿಯ ನಡೆಯಲ್ಲಿ ಇಂತಹ ಹಬ್ಬಕ್ಕೆ ಯಾವ ಪಾತ್ರವೂ ಇಲ್ಲ. ಮಂಗಳೂರಿನ ಕಡೆಯ ಫಿರ್ಗಜಿನಲ್ಲಿ ಸೆಪ್ಟೆಂಬರ್ 8ರ ಮೊಂತಿಹಬ್ಬದಂದು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಮನೆಗೆ ಒಯ್ದು, ಅದರ ಕಾಳನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುವುದನ್ನು ಬಲ್ಲ ವಾಚಕನಿಗೆ ಈ ಕೊರತೆ ಕೂಡಲೆ ಕಾಣುತ್ತದೆ. ಅನ್ಯೋನ್ಯತೆಗೆ ಆತ್ಮ ಮಾತ್ರವಲ್ಲ, ಅನ್ನವೂ ಬೇಕು. ಬೆರ್ನಾನೋಸನ ಪಾದ್ರಿಯು ರೊಟ್ಟಿ ದ್ರಾಕ್ಷಾರಸಗಳನ್ನು ಒಬ್ಬನೇ ತಿನ್ನುತ್ತಾನೆ. ಬಲಿಪೂಜೆಯ ದ್ರವ್ಯಗಳೇ ಅವು ಎಂಬ ಧ್ವನಿ ಅಲ್ಲಿದೆಯೆಂಬುದು ನಿಜ. ಆದರೆ ಆ ಧ್ವನಿಯ ಬೆಲೆಗಾಗಿ ಊರಿನ ಊಟದ ಮೇಜನ್ನು ಬಿಟ್ಟುಕೊಡಲಾಗಿದೆ.

ಈ ಕೊರತೆಯನ್ನು ಅಳೆಯಲು ಇಟಲಿಯ ಜೊವಾನ್ನಿ ಗ್ವಾರೆಸ್ಕಿಯ ‘ದೋನ್ ಕಮಿಲ್ಲೊ’ ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಬಹುದು. 1948ರಲ್ಲಿ ಪುಸ್ತಕರೂಪದಲ್ಲಿ ಬಂದ ಇವು ಪೊ ನದಿಯ ಬಯಲಿನ ಒಂದು ಹಳ್ಳಿಯ ಹಾಸ್ಯಕಥೆಗಳು. ಗಾಂಭೀರ್ಯದಲ್ಲಿ ಬೆರ್ನಾನೋಸನ ಹತ್ತಿರಕ್ಕೂ ಬರುವವಲ್ಲ. ಅಲ್ಲಿ ಪಾದ್ರಿಗೂ ಕಮ್ಯೂನಿಸ್ಟ್ ಮೇಯರ್ ಪೆಪ್ಪೋನೆಗೂ ಹಗಲಿರುಳು ಜಗಳ. ಮೇಯರನು ತನ್ನ ಮಗುವಿಗೆ ಲೆನಿನ್ ಎಂಬ ಹೆಸರಿಡಬೇಕೆಂದು ಜ್ಞಾನಸ್ನಾನಕ್ಕೆ ತರುತ್ತಾನೆ, ಪಾದ್ರಿಯು ಒಪ್ಪುವುದಿಲ್ಲ, ಹೊಡೆದಾಟವಾಗುತ್ತದೆ, ಕಡೆಗೆ ಲೆನಿನ್ ಎಂಬುದರ ಜೊತೆಗೆ 'ಕಮಿಲ್ಲೊ' ಎಂಬ ಪಾದ್ರಿಯ ಹೆಸರೂ ಮಗುವಿಗೆ ಸೇರುತ್ತದೆ. ಆ ಊರಿನಲ್ಲಿ ಶತ್ರುವಿಗೂ ಶತ್ರು ಬೇಕು. ಜಗಳವಾಡುವವರು ಒಬ್ಬರನ್ನೊಬ್ಬರು ಅಲಕ್ಷಿಸಲಾರರು. ಆಂಬ್ರಿಕೂರಿನಲ್ಲಿ ಇಂತಹ ಒಂದು ಜಗಳವಾದರೂ ನಡೆದಿದ್ದರೆ! ಅಲ್ಲಿಯ ದ್ವೇಷವು ಸಹಿಯಿಲ್ಲದ ಪತ್ರವಾಗಿ ಬರುತ್ತದೆ, ಬಾಗಿಲಿಗೆ ಬಂದು ಬೈಯುವುದಿಲ್ಲ. ಗ್ವಾರೆಸ್ಕಿಗೆ ಗೋಚರಿಸಿದ ಈ ಸತ್ಯವು ತನಗಿಂತ ದೊಡ್ಡ ಕಲಾವಿದನಿಗೆ ಗೋಚರಿಸಲಿಲ್ಲ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನ ಹಳ್ಳಿಗಳ ಅನೇಕ ಧರ್ಮಕೇಂದ್ರಗಳನ್ನು, ಪಾದ್ರಿಗಳು ಸಾಲದೆ, ಒಂದರಲ್ಲೊಂದು ವಿಲೀನಗೊಳಿಸಲಾಯಿತು. ಎಲ್ಲೆಗಳು ಅಳಿಸಿಹೋದ ಊರುಗಳಲ್ಲಿ ಅನ್ಯೋನ್ಯತೆಯನ್ನು ಎಲ್ಲಿಂದ ಮೊದಲುಮಾಡಬೇಕೆಂದು ವಿಚಾರಿಸುವವರಿಗೆ ಇಬ್ಬರ ಸಾಕ್ಷ್ಯವೂ ಬೇಕಾಗುತ್ತದೆ.

ಕಡೆಯದಾಗಿ ಕೃತಿಯ ರೂಪವನ್ನು ಕುರಿತು ಒಂದು ವಿಷಯ. ದಿನಚರಿಯೆಂಬುದು ಒಂಟಿಯಾದವನ ಬರೆಹ. ಹೇಳಿಕೊಳ್ಳಲು ಯಾರೂ ಇಲ್ಲದವನು ಕಾಗದಕ್ಕೆ ಹೇಳಿಕೊಳ್ಳುತ್ತಾನೆ. ಗ್ರಂಥದ ಉದ್ದಕ್ಕೂ ವಾಚಕನು ಈ ಒಂದೇ ಕಂಠವನ್ನು ಕೇಳುತ್ತಾನೆ. ಲೀಲಿನ ಆ ಕೋಣೆಯಲ್ಲಿ ದಿನಚರಿಯು ನಿಂತುಹೋಗುತ್ತದೆ. ಪಾದ್ರಿಯ ಸಾವನ್ನು ಅವನೇ ಬರೆಯಲಾರನಷ್ಟೆ. ಆಗ ಗ್ರಂಥವು ಒಂದು ಪತ್ರದಿಂದ ಮುಗಿಯುತ್ತದೆ. ಅದನ್ನು ಬರೆದವನು ದೀಕ್ಷೆಯನ್ನು ತೊರೆದ ದ್ಯುಫ್ರೆತಿ. ಬರೆದದ್ದು ತೊರ್ಸಿಯ ಪಾದ್ರಿಗೆ. ಕರೆಸಿದ ಗುರು ಹೊತ್ತಿಗೆ ಬಾರದಿರಲು, ಸಾಯುತ್ತಿದ್ದವನು ತನ್ನ ಪಾಪವಿಮೋಚನೆಯನ್ನು ಈ ಪತಿತನಿಂದಲೇ ಕೇಳಿ ಪಡೆದನೆಂಬ ಸಂಗತಿ ಅದರಲ್ಲಿದೆ. ಪಡೆದವನ ಕೊನೆಯ ನುಡಿಯನ್ನೂ, ಅದನ್ನು ಕೇಳಿದ ತನ್ನ ಸ್ಥಿತಿಯನ್ನೂ ದ್ಯುಫ್ರೆತಿಯು ವರದಿ ಮಾಡುತ್ತಾನೆ. ಈ ಪತ್ರದ ಶೈಲಿ ಬೆಡಗಿನದು. ದ್ಯುಫ್ರೆತಿಯ ಡಂಭ ಅಲ್ಲಿಯೂ ಪೂರ್ತಿ ಅಳಿದಿಲ್ಲ. ಆ ಡಂಭವನ್ನು ತಿದ್ದದೆ ಹಾಗೆಯೇ ಉಳಿಸಿದ್ದು ಬೆರ್ನಾನೋಸನ ಔಚಿತ್ಯಜ್ಞಾನವನ್ನು ತೋರುತ್ತದೆ. ಎರಡು ನೂರು ಪುಟಗಳಿಗೂ ಮಿಕ್ಕು ಒಬ್ಬನೇ ತನಗೆ ತಾನು ಬರೆದುಕೊಂಡ ಗ್ರಂಥದ ಅಂತ್ಯದಲ್ಲಿ, ಮೊದಲ ಬಾರಿಗೆ, ಒಬ್ಬನು ಇನ್ನೊಬ್ಬನಿಗೆ ಮೂರನೆಯವನೊಬ್ಬನನ್ನು ಕುರಿತು ಬರೆಯುತ್ತಾನೆ.